ಪ್ರೇಮಾವತಿಯ ಮುಖಕ್ಕೆ ಸೂಜಿ

ಮೂಡುಬಿದಿರೆಯ ಮದುವೆ ಮಂಟಪದಲ್ಲಿ ಸುಧಾಕರ ಶೆಟ್ಟಿ ತನ್ನ ಹೆಂಡತಿಯನ್ನು ತನ್ನ ಅಕ್ಕ ಎಂದು ಪರಿಚಯ ಮಾಡಿಕೊಟ್ಟ.

ಕೇಳಿದವರು ಗಜಾನನ ಕಾಮತರು. ಬಹರೈನಿನಲ್ಲಿ ಅವರದೊಂದು ಹೋಟೆಲು ಇತ್ತು, ಇನ್ನೊಂದನ್ನು ತೆರೆಯುವವರಿದ್ದರು. ಆ ಇನ್ನೊಂದರಲ್ಲಿ, ಇಷ್ಟು ವರ್ಷ ತಮ್ಮ ಕೈಕೆಳಗೆ ಸೂಪರ್‌ವೈಸರ್ ಆಗಿದ್ದ ಸುಧಾಕರನಿಗೆ ಪಾಲು ಕೊಡುವ ಮಾತು ನಡೆದಿತ್ತು. ಪ್ರೇಮಾವತಿ ಹೆಂಗಸರಿಗೆ ಮಲ್ಲಿಗೆ ಹಂಚುವ ಹರಿವಾಣ ಹಿಡಿದುಕೊಂಡು ಆ ಸಾಲಿಗೆ ಬಂದಾಗ ಕಾಮತರ ಹೆಂಡತಿ ಹೂವಿಗೆ ಕೈ ಚಾಚಿದರು.

"ಇವರು?" ಎಂದರು ಕಾಮತರು.

"ನನ್ನ ಅಕ್ಕ," ಎಂದ ಸುಧಾಕರ.

"ನಿಮ್ಮ ಮನೆಯವರು ಬರ್ಲಿಲ್ವಾ?"

"ಇಲ್ಲ, ಅವಳು ಬೆಳ್ತಂಗಡಿಯಲ್ಲಿ. ಅವಳ ತಾಯಿಗೆ ಸ್ವಲ್ಪ ಹುಷಾರಿಲ್ಲ."

ಕಾಮತರ ಹೆಂಡತಿ ತಟ್ಟನೆ ಎದ್ದು ಪ್ರೇಮಾವತಿಯ ಮೊಣಕೈ ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. "ಕೂತ್ಕೊಳ್ಳಿ ಅಕ್ಕ, ನಿಮ್ಮಂಥ ಹಿರಿಯರು ಇಷ್ಟು ಹೊತ್ತು ನಿಂತುಕೊಳ್ಳಬಾರದು." ಪ್ರೇಮಾವತಿ ಕೂತಳು. ಅವಳಿಗೆ ಮೂವತ್ತೊಂಬತ್ತು. ಕೂರಿಸಿದವರು ಅವಳಿಗಿಂತ ಎರಡು ವರ್ಷ ದೊಡ್ಡವರು. ಹಿಂದೆ ನಿಂತಿದ್ದ ಮಗಳು ಕಾಂತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮೂವರೂ ಬಸ್ಸಿನಲ್ಲಿ ಪಾಣೆಮಂಗಳೂರಿನ ಮನೆಗೆ ಹಿಂದೆ ಬಂದರು. ಮಾತು ಹೊರಬಿದ್ದದ್ದು ಮರುದಿನ ಗಂಜಿಯ ಹೊತ್ತಿಗೆ. ಒಣಮೀನಿನ ಚಟ್ನಿ, ಮಾವಿನ ಮಿಡಿ. ಪ್ರೇಮಾವತಿಯ ತಾಯಿ ಕಿಞ್ಞಕ್ಕ ಗೋಡೆಗೆ ಒರಗಿ ಕೂತಿದ್ದರು. ಮನೆಯ ಯಜಮಾನನಾದ ಅವಳ ಅಣ್ಣ, ಅಣ್ಣು ಶೆಟ್ಟಿ, ಬಟ್ಟಲಿಗೆ ಬಗ್ಗಿದ್ದ.

"ಪಪ್ಪ, ಅಮ್ಮ ನಿಮಗೆ ಅಕ್ಕ ಆದ್ರೆ ನಾನು ನಿಮಗೆ ಎಂತ ಆಗ್ಬೇಕು?" ಎಂದಳು ಕಾಂತಿ.

"ಎಂತ ಮಾತು ಅದು?" ಅಣ್ಣು ಶೆಟ್ಟಿ ತಲೆ ಎತ್ತಿದ.

"ಪಪ್ಪನತ್ರ ಕೇಳಿ ಮಾವ. ನಿನ್ನೆ ಮಂಟಪದಲ್ಲಿ ಹೇಳಿದ್ದು ಅವ್ರು."

ಸುಧಾಕರ ಮಿಡಿಯ ರಸ ಚೀಪುತ್ತಿದ್ದ. "ಬಾಯಿ ತಪ್ಪಿ ಬಂತು ಮಾರಾಯ್ತಿ. ಅದನ್ನು ಹಿಡಿದು ಜಗ್ಗಬೇಡ."

"ಎರಡು ಸಲ ತಪ್ಪಿತಾ?" ಎಂದಳು ಪ್ರೇಮಾವತಿ. "ಅಕ್ಕ ಅಂದದ್ದು ಒಂದು. ಹೆಂಡತಿ ಬೆಳ್ತಂಗಡಿಯಲ್ಲಿ ತಾಯಿಯ ಚಾಕರಿ ಮಾಡ್ತಿದ್ದಾಳೆ ಅಂದದ್ದು ಇನ್ನೊಂದು."

"ಬೆಳ್ತಂಗಡಿಯಲ್ಲಿ ನಮ್ಮವರು ಯಾರುಂಟು?" ಕಿಞ್ಞಕ್ಕನಿಗೆ ಅರ್ಥವಾಗಲಿಲ್ಲ.

"ನೀವಂತೆ ಅಮ್ಮ. ಹುಷಾರಿಲ್ಲದೆ ಮಲಗಿದ್ದೀರಂತೆ."

"ನಾನಾ? ಧರ್ಮಸ್ಥಳಕ್ಕೆ ಹೋಗುವಾಗ ಬಸ್ಸು ನಿಂತಲ್ಲಿ ಒಮ್ಮೆ ಗೋಳಿಸೋಡ ಕುಡಿದದ್ದು ಬಿಟ್ರೆ ಬೆಳ್ತಂಗಡಿ ನಂಗೆ ಗೊತ್ತೇ ಇಲ್ಲ!"

ಕಾಂತಿ ಕಿಸಕ್ಕೆಂದಳು. ಸುಧಾಕರನಿಗೆ ರೇಗಿತು. "ನಗಿ, ಎಲ್ಲರೂ ನಗಿ. ಕಾಮತರ ಹೆಂಡತಿಯನ್ನು ನೋಡಿದ್ದೀರಲ್ಲ, ಹೇಗೆ ಇದ್ದಾರೆ? ಅವರ ಪಕ್ಕದಲ್ಲಿ ಇವಳನ್ನು ನಿಲ್ಲಿಸಿ ನಾನು ಎಂತ ಹೇಳ್ಬೇಕಿತ್ತು? ಒಮ್ಮೆ ಕನ್ನಡಿ ನೋಡ್ಕೊ, ಪ್ರೇಮಾ. ನನಗೆ ಸಿಟ್ಟಿಲ್ಲ, ಸುಮ್ಮನೆ ನೋಡ್ಕೊ."

ಆ ಮುಖ ತಾನಾಗಿಯೇ ಹಾಗೆ ಆದದ್ದಲ್ಲ. ಭೂಮಸೂದೆ ಬಂದು ಒಕ್ಕಲು ಧರ್ಣಪ್ಪ ಗದ್ದೆ ತನಗೆ ಸೇರಬೇಕೆಂದು ಡಿಕ್ಲರೇಶನ್ ಹಾಕಿದಾಗ ಗದ್ದೆಗಳು ಉತ್ತವನ ಪಾಲಿಗೆ ಹೋದವು, ನ್ಯಾಯವಾಗಿಯೇ ಹೋದವು. ಉಳಿದ ಒಂದು ತುಂಡು ಗದ್ದೆಗೆ ಇಳಿದದ್ದು ಪ್ರೇಮಾವತಿ. ಅಣ್ಣು ಶೆಟ್ಟಿ ಇಳಿಯಲಿಲ್ಲ, ಯಜಮಾನನ ಅಂಗಾಲಿಗೆ ಕೆಸರು ತಾಗಬಾರದು. ಸುಧಾಕರ ಬಹರೈನಿನ ಏರ್‌ಕಂಡೀಷನಿನಲ್ಲಿದ್ದ. ಗೊಬ್ಬರದ ಬುಟ್ಟಿ, ಹಸುವಿನ ಕೊಟ್ಟಿಗೆ, ಹಸಿ ಸೌದೆಯ ಒಲೆ, ಮಧ್ಯಾಹ್ನದ ಬಿಸಿಲು. ಇವೆಲ್ಲ ಸೇರಿ ಬರೆದದ್ದನ್ನು ಸುಧಾಕರ ಎರಡು ವರ್ಷಕ್ಕೊಮ್ಮೆ ಬಂದು ಓದಿ ಮುಖ ಸಿಂಡರಿಸುತ್ತಿದ್ದ.

"ನೋಡ್ಕೊಂಡೆ," ಎಂದಳು ಪ್ರೇಮಾವತಿ. "ನಂಗೆ ಒಂದೇ ಬೇಕು. ಕಾಮತರೂ ಅವರ ಹೆಂಡತಿಯೂ ಇರುವಾಗ, ಇವಳು ನನ್ನ ಹೆಂಡತಿ, ಆ ದಿನ ನಾನು ಸುಳ್ಳು ಹೇಳಿದೆ ಅಂತ ನೀವು ಹೇಳ್ಬೇಕು. ಅಷ್ಟು ಹೇಳಿದ್ರೆ ಮತ್ತೆ ಈ ಮಾತು ನನ್ನ ಬಾಯಲ್ಲಿ ಬರ್ಲಿಕ್ಕಿಲ್ಲ."

"ಹೇಳ್ತೇನೆ. ರಜೆ ಮುಗಿಯುವ ಮೊದಲು ಅವರನ್ನು ಊಟಕ್ಕೆ ಕರೀತೇನೆ, ಆವಾಗ ಹೇಳ್ತೇನೆ. ಅಷ್ಟರ ಒಳಗೆ ನೀನು ಮೂಡುಬಿದಿರೆಯ ಸೂಜಿ ಡಾಕ್ಟ್ರತ್ರ ಹೋಗ್ಬೇಕು."

"ಎಂತ ಸೂಜಿ?"

"ಅಕ್ಯುಪಂಕ್ಚರ್. ಚೀನಾದವರ ವಿದ್ಯೆ. ಮುಖಕ್ಕೆ ಸಣ್ಣ ಸಣ್ಣ ಸೂಜಿ ಇಡ್ತಾರೆ, ಕೊಯ್ಯುವುದಿಲ್ಲ, ನೋವಿಲ್ಲ, ಚರ್ಮ ಹೊಸತಾಗ್ತದೆ. ಕಾಮತರ ಹೆಂಡತಿ ಕೊಲಂಬೋದಲ್ಲಿ ಮಾಡಿಸಿಕೊಂಡದ್ದಂತೆ. ಅಲ್ಲೇ ಕಲಿತ ಒಬ್ಬ ಭಟ್ರು ಈಗ ಮೂಡುಬಿದಿರೆಯಲ್ಲಿ ಕೂತಿದ್ದಾರೆ."

"ಸುಳ್ಳು ಹೇಳಿದ್ದು ನಿಮ್ಮ ನಾಲಗೆ. ಸೂಜಿ ನನ್ನ ಮುಖಕ್ಕಾ?"

"ಹೋಗಿ ಬಾ," ಎಂದ ಅಣ್ಣು ಶೆಟ್ಟಿ ಕೈ ತೊಳೆಯುತ್ತ. "ಖರ್ಚು ಅವನದ್ದು. ನಿನಗೆ ಎಂತ ನಷ್ಟ?"

ಪ್ರೇಮಾವತಿ ಎಲ್ಲರ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದಳು. ಗಂಡನ ಬಟ್ಟಲು ಮಾತ್ರ ಅಲ್ಲೇ ಉಳಿಯಿತು.

"ಹೋಗ್ತೇನೆ. ಆದ್ರೆ ಕಾಮತರ ಎದುರು ಹೇಳುವವರೆಗೆ ಈ ಮನೆಯಲ್ಲಿ ನೀನು ನನ್ನ ತಮ್ಮ. ಸುಧಾಕರಾ, ನಿನ್ನ ಬಟ್ಟಲು ನೀನೇ ತೊಳಿ."

ಹದಿನೆಂಟು ವರ್ಷದಲ್ಲಿ ಅವಳು ಗಂಡನ ಹೆಸರು ಹಿಡಿದವಳಲ್ಲ. ಸುಧಾಕರ ಗಟ್ಟಿಯಾಗಿ ನಕ್ಕ. ಸಂಜೆ ಅವನ ಹಾಸಿಗೆ ಚಾವಡಿಯ ಬೆಂಚಿನ ಮೇಲೆ ಬಂದು ಬಿದ್ದಾಗ ನಗು ನಿಂತಿತು. ಇವರದು ಅಳಿಯಕಟ್ಟು, ಮನೆ ತಾಯಿಯಿಂದ ಮಗಳಿಗೆ ಇಳಿಯುವುದು. ಗಂಡನೆಂದರೆ ಹೆಂಡತಿಯ ಮನೆಗೆ ಬಂದು ಹೋಗುವವನು, ಅವನಿಗೆ ಒಳಕೋಣೆ. ಮನೆಯ ಅಣ್ಣತಮ್ಮಂದಿರು ಮಲಗುವುದು ಹೊರಚಾವಡಿಯಲ್ಲಿ. ಅಣ್ಣು ಶೆಟ್ಟಿ ತನ್ನ ಚಾಪೆಯನ್ನು ಒಂದು ಮೊಳ ಆಚೆ ಸರಿಸಿ ಭಾವನಿಗೆ ಜಾಗ ಮಾಡಿಕೊಟ್ಟ. ಬೇಡ ಎನ್ನಬೇಕಾದರೆ ತಂಗಿಯನ್ನು ಕೇಳಬೇಕಾಗುತ್ತಿತ್ತು, ಮನೆ ಅವಳದ್ದು.

ಆ ಸೂಜಿ ಡಾಕ್ಟರು, ಕೇಶವಪ್ರಸಾದ ಭಟ್ಟರು, ಕನ್ಯಾನದ ಕಡೆಯವರು. ಮೂಡುಬಿದಿರೆಯ ಜೈನಪೇಟೆಯಲ್ಲಿ ಒಂದು ಮಹಡಿಯ ಮೇಲೆ ಅವರ ಕ್ಲಿನಿಕ್ಕು. ಒಂದು ಮಂಚ, ಸ್ಪಿರಿಟಿನ ವಾಸನೆ, ಮುಖದ ತುಂಬ ಚುಕ್ಕೆ ಇಟ್ಟ ಒಂದು ಪ್ಲಾಸ್ಟರಿನ ತಲೆ. ಕಾಂತಿ ಕಾಲೇಜಿಗೆ ಚಕ್ಕರ್ ಹೊಡೆದು ತಾಯಿಯ ಜೊತೆ ಬಂದಿದ್ದಳು.

ಡಾಕ್ಟರು ಎರಡೂ ಕೈಯ ನಾಡಿ ಹಿಡಿದು ನೋಡಿದರು, ನಾಲಗೆ ಚಾಚಿಸಿದರು. ನಿದ್ದೆ ಹೇಗೆ, ಹೊಟ್ಟೆ ಹೇಗೆ, ಮುಟ್ಟು ಸರಿಯಾಗಿ ಉಂಟಾ ಎಂದು ಕೇಳಿದರು. ಮುಖದ ವಿಷಯವನ್ನೇ ಎತ್ತಲಿಲ್ಲ.

"ನಿಮ್ಮನ್ನು ಯಾರು ಕಳಿಸಿದ್ದು?"

"ನನ್ನ ತಮ್ಮ," ಎಂದಳು ಪ್ರೇಮಾವತಿ.

"ಒಳ್ಳೆ ತಮ್ಮ ಮಾರಾಯ್ರೆ! ಅಕ್ಕನ ಮುಖದ ಚಿಂತೆ ಮಾಡುವ ತಮ್ಮಂದಿರು ಈ ಕಾಲದಲ್ಲಿ ಎಲ್ಲಿದ್ದಾರೆ?"

ಕಾಂತಿ ನಗು ತಡೆಯಲಾಗದೆ ಹೊರಗೆ ಓಡಿದಳು.

ಮೊದಲ ಸೂಜಿ ಹೆಬ್ಬೆರಳು ತೋರುಬೆರಳಿನ ಸಂದಿಗೆ ಹೋಯಿತು. ಪ್ರೇಮಾವತಿ ಹಲ್ಲು ಕಚ್ಚಿದಳು. ಕೆಂಪಿರುವೆ ಕಚ್ಚಿದಷ್ಟೂ ಇರಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ. ಆಮೇಲೆ ಮುಖಕ್ಕೆ ಕೂದಲಿನಷ್ಟು ತೆಳ್ಳಗಿನವು, ಹುಬ್ಬುಗಳ ನಡುವೆ, ಮೂಗಿನ ಪಕ್ಕ, ಕಣ್ಣಿನ ಹೊರತುದಿಯಲ್ಲಿ, ದವಡೆಯ ಮೂಲೆಯಲ್ಲಿ. ಸೂಜಿ ನಿಂತಲ್ಲೆಲ್ಲ ಮೊದಲು ಒಂದು ಭಾರ, ಹಿಂದೆಯೇ ಬೆಚ್ಚಗಿನ ಒಂದು ಹರಿವು.

"ದವಡೆ ಕಲ್ಲಿನ ಹಾಗೆ ಉಂಟು ನಿಮ್ಮದು. ಯಾರ ಮೇಲೆ ಸಿಟ್ಟು?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಕಚ್ಚಿದ ಹಲ್ಲು ಬಿಡಿ. ಗೆರೆ ಅಳಿಸ್ಲಿಕ್ಕೆ ನನ್ನತ್ರ ರಬ್ಬರ್ ಇಲ್ಲ, ಮೊದಲೇ ಹೇಳ್ತೇನೆ. ಚರ್ಮಕ್ಕೆ ರಕ್ತ ಓಡಾಡುವ ಹಾಗೆ ಮಾಡ್ಬಹುದು, ಗಂಟು ಕಟ್ಟಿದ ಸ್ನಾಯು ಬಿಡಿಸ್ಬಹುದು. ನಿಧಾನದ ಕೆಲಸ. ವಾರಕ್ಕೆ ಎರಡು ಸಲ ಬನ್ನಿ. ಮತ್ತೆ, ಚಿಕಿತ್ಸೆ ಮುಗಿಯುವವರೆಗೆ ಒಲೆಯ ಹೊಗೆ ಬೇಡ, ಉರಿಬಿಸಿಲು ಬೇಡ. ಮಧ್ಯಾಹ್ನ ಸ್ವಲ್ಪ ಮಲಗ್ಬೇಕು."

"ಇದನ್ನು ಚೀಟಿಯಲ್ಲಿ ಬರೆದು ಕೊಡ್ತೀರಾ ಡಾಕ್ಟ್ರೇ?"

"ಯಾಕೆ, ನೆನಪಿರುವುದಿಲ್ವಾ?"

"ನನಗೆ ಇರ್ತದೆ. ಮನೆಯಲ್ಲಿ ಗಂಡಸರಿಗೆ ಇರುವುದಿಲ್ಲ."

ಅವರು ನಕ್ಕು ಬರೆದುಕೊಟ್ಟರು. ಸೂಜಿಗಳನ್ನು ಇಟ್ಟು ಆಚೆ ಹೋದರು. ಫ್ಯಾನು ತಿರುಗುತ್ತಿತ್ತು. ಕೆಳಗೆ ಬೀದಿಯಲ್ಲಿ ಪಾತ್ರೆ ಅಂಗಡಿಯವನು ಹಿತ್ತಾಳೆ ತಟ್ಟುತ್ತಿದ್ದ. ಪ್ರೇಮಾ ನೀರು ತಾ, ಪ್ರೇಮಾ ಹಸು ಬಿಚ್ಚಿಕೊಂಡಿತು ಎಂದು ಕರೆಯುವವರು ಯಾರೂ ಇರಲಿಲ್ಲ. ಪ್ರೇಮಾವತಿ ಹಗಲಿನಲ್ಲಿ ನಿದ್ದೆ ಹೋದಳು. ಬಾಣಂತನದ ಮೇಲೆ ಅದೇ ಮೊದಲು.

ಚೀಟಿ ಅಡುಗೆಮನೆಯ ಬಾಗಿಲಿನ ಮೊಳೆಗೆ ಬಿತ್ತು.

"ಇದು ಎಂತ ಹೊಸ ಕಟ್ಟಳೆ?" ಅಣ್ಣು ಶೆಟ್ಟಿ ಕನ್ನಡಕ ಏರಿಸಿ ಓದಿದ. "ಹೊಗೆ ಬೇಡ ಅಂದ್ರೆ ಒಲೆ ಯಾರು ಹಚ್ಚುವುದು?"

"ಅಮ್ಮನಿಗೆ ಬಗ್ಗಲಿಕ್ಕೆ ಆಗುವುದಿಲ್ಲ. ಕಾಂತಿಗೆ ಕಾಲೇಜು ಉಂಟು," ಎಂದಳು ಪ್ರೇಮಾವತಿ ಜಗಲಿಯಲ್ಲಿ ಕಾಲು ಚಾಚಿ. "ನೀವು ಯಜಮಾನರು. ಮತ್ತೆ ಉಳಿದದ್ದು ನನ್ನ ತಮ್ಮ. ಸುಧಾಕರಾ, ತೆಂಗಿನ ಗರಿ ಹಿತ್ತಿಲಲ್ಲಿ ಉಂಟು. ಕೊಟ್ಟಿಗೆಯ ಸೆಗಣಿಯನ್ನೂ ಬಿಸಿಲೇರುವ ಮೊದಲು ತೆಗೆದುಬಿಡು."

"ಡಾಕ್ಟ್ರು ಹೇಳಿದ್ದನ್ನು ಮೀರಬಾರದು ಪಪ್ಪ," ಎಂದಳು ಕಾಂತಿ. "ನೀವೇ ದುಡ್ಡು ಕೊಟ್ಟದ್ದಲ್ವಾ."

ವಿದೇಶದ ಸೆಂಟು ಹಾಕಿಕೊಂಡ ಸುಧಾಕರ ಬೆಲ್‌ಬಾಟಮ್ ಮಡಚಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದಿದ. ಮೊದಲ ದಿನ ಗಂಜಿ ತಳ ಹಿಡಿಯಿತು. ಎರಡನೇ ದಿನ ಬೇಯಲೇ ಇಲ್ಲ. ಕಿಞ್ಞಕ್ಕ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, "ಬಹರೈನಿನಲ್ಲಿ ಇದನ್ನೇ ಬಡಿಸ್ತೀಯಾ ಅಳಿಯಾ? ಅಲ್ಲಿಯವರಿಗೆ ಹಲ್ಲು ಗಟ್ಟಿ ಇರ್ಬೇಕು," ಎಂದರು.

ಪಕ್ಕದ ಮನೆಯ ನಬೀಸಾ ಬೀಡಿಯ ಮೊರ ಎತ್ತಿಕೊಂಡು ದಿನಾ ಇದೇ ಜಗಲಿಗೆ ಬಂದು ಕೂರತೊಡಗಿದಳು. ಎಲೆ ಕತ್ತರಿಸುತ್ತ ಅಡುಗೆಮನೆಯ ಕಡೆ ಒಂದು ಕಣ್ಣು.

"ಪ್ರೇಮಕ್ಕ, ನಿಮ್ಮ ಡಾಕ್ಟ್ರತ್ರ ನಂಗೂ ಒಂದು ಸೂಜಿ ಕೇಳಿ."

"ನಿನ್ನ ಮುಖಕ್ಕೆ ಎಂತ ಆಗಿದೆ?"

"ನನ್ನ ಮುಖಕ್ಕಲ್ಲ. ನನ್ನ ಗಂಡನನ್ನೂ ಹೀಗೆ ಒಲೆಯ ಮುಂದೆ ಕೂರಿಸ್ಲಿಕ್ಕೆ ಎಲ್ಲಿಗೆ ಚುಚ್ಚಬೇಕು ಅಂತ ಕೇಳಿ."

ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಊದುವ ಕೊಳವೆ ಹಿಡಿದು ಸುಧಾಕರ ಬಾಗಿಲಿಗೆ ಬಂದ. ಕಣ್ಣು ಕೆಂಪಗೆ ನೀರು ಸುರಿಸುತ್ತಿತ್ತು. "ಸಾಕು ಪ್ರೇಮಾ. ಊರು ನಗ್ತಾ ಉಂಟು. ಸೊಸೈಟಿಯಲ್ಲಿ, ಶೆಟ್ರೆ ನಿಮ್ಮ ಅಕ್ಕ ಹೇಗಿದ್ದಾರೆ ಅಂತ ಕೇಳ್ತಾರೆ."

"ಎಂತ ಹೇಳಿದೆ?"

ಅವನು ಊದುವ ಕೊಳವೆಯ ಬೂದಿ ಕೊಡವಿದ.

"ಕಾಮತರು ಮೂಡುಬಿದಿರೆಯಲ್ಲೇ ಇದ್ದಾರಲ್ಲ. ಈಗಲೇ ಹೋಗಿ ಹೇಳಿ ಬಾ. ಬರುವಷ್ಟರಲ್ಲಿ ಒಲೆ ನಾನೇ ಹಚ್ಚಿರ್ತೇನೆ, ಹಾಸಿಗೆಯೂ ಒಳಗೆ ಹೋಗಿರ್ತದೆ."

"ಊಟಕ್ಕೆ ಕರೆದಾಗ ಹೇಳ್ತೇನೆ ಅಂದೆನಲ್ಲ," ಎಂದು ಅವನು ಮತ್ತೆ ಹೊಗೆಯೊಳಗೆ ಹೋದ. ಪ್ರೇಮಾವತಿ ನಬೀಸಾಳ ಮೊರದಿಂದ ಒಂದು ಎಲೆ ತೆಗೆದು ಸುತ್ತತೊಡಗಿದಳು. ಅವಳಿಗೆ ದಯೆ ಬರಲಿಲ್ಲ. ಬರಬೇಕಿತ್ತು ಎನ್ನುವವರು ಒಂದು ವಾರ ಆ ಒಲೆ ಊದಿ ನೋಡಲಿ.

ವಾರಗಳು ಹೋದಂತೆ ಮುಖ ಬದಲಾದದ್ದು ನಿಜ. ಕೆನ್ನೆಗೆ ಬಣ್ಣ ಬಂತು. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. ಹುಬ್ಬಿನ ನಡುವಿನ ಗಂಟು ಸಡಿಲಿ ಎರಡು ಸಣ್ಣ ಗೆರೆಯಾಗಿ ಉಳಿಯಿತು. ಸೂಜಿಯಿಂದ ಎಷ್ಟು, ನಿದ್ದೆಯಿಂದ ಎಷ್ಟು, ಬೇರೆಯವರು ಮಾಡಿದ ಗಂಜಿಯಿಂದ ಎಷ್ಟು ಎಂದು ಕೇಶವಪ್ರಸಾದರೂ ಹೇಳಲಾರರು. ಪೇಟೆಗೆ ಹೋದರೆ ಮೀನು ಮಾರುವ ಬೀಬಿ, "ಯಾರು, ಕಾಂತಿಯ ದೊಡ್ಡ ಅಕ್ಕನಾ?" ಎಂದು ತಮಾಷೆ ಮಾಡಿ ಒಂದು ಬಂಗುಡೆ ಹೆಚ್ಚು ಹಾಕುತ್ತಿದ್ದಳು.

ಸುಧಾಕರ ದಿನವೂ ಅವಳನ್ನು ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದ. ಗದ್ದದ ಕೆಳಗೆ ಬೆರಳಿಟ್ಟು ಆಚೆ ಈಚೆ ತಿರುಗಿಸುತ್ತಿದ್ದ, ಎತ್ತಿನ ಹಲ್ಲು ನೋಡುವವರ ಹಾಗೆ. ಒಂದು ಮಧ್ಯಾಹ್ನ ಒಳಕೋಣೆಯ ಹೊಸ್ತಿಲಿನವರೆಗೂ ಬಂದ.

"ತಮ್ಮಂದಿರಿಗೆ ಇಲ್ಲಿ ಎಂತ ಕೆಲಸ?" ಎಂದಳು ಪ್ರೇಮಾವತಿ ಕಣ್ಣು ಬಿಡದೆ. ಅವನು ಚಾವಡಿಗೆ ಮರಳಿದ.

ಸುದ್ದಿ ನಾರಾವಿಗೂ ಮುಟ್ಟಿತು. ನಾರಾವಿಯಲ್ಲಿ ಸುಧಾಕರನ ಸ್ವಂತ ಅಕ್ಕ ಇದ್ದಳು, ಜಲಜಕ್ಕ. ಒಂದು ಬೆಳಿಗ್ಗೆ ಅವಳು ಬಸ್ಸಿಳಿದು, ಗೆಣಸಿನ ಚೀಲವನ್ನು ಅಂಗಳದಲ್ಲಿ ಕುಕ್ಕಿ, ನೀರು ಕೂಡ ಕೇಳದೆ ಶುರುಮಾಡಿದಳು.

"ಎಲ್ಲಿ ಅವ? ನಾನು ಸತ್ತಿದ್ದೇನೆ ಅಂತ ಯಾರು ಹೇಳಿದ್ದು ಅವನಿಗೆ?"

ಕೊಟ್ಟಿಗೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸುಧಾಕರ ಅಲ್ಲೇ ನಿಂತ. "ಅಕ್ಕ, ನೀನು ಯಾವಾಗ ಬಂದೆ?"

"ಯಾವ ಅಕ್ಕ? ಪಾಣೆಮಂಗಳೂರಿನ ಅಕ್ಕನಾ, ನಾರಾವಿಯ ಅಕ್ಕನಾ? ನನ್ನ ಮನೆಯ ಹಂಚು ಒಡೆದು ಮೂರು ವರ್ಷ ಆಯ್ತು. ಎಷ್ಟು ಸಲ ಹೇಳಿ ಕಳಿಸಿದೆ? ನಮ್ಮ ಕಟ್ಟಿನಲ್ಲಿ ತಮ್ಮನ ಸಂಪಾದನೆ ಅಕ್ಕನ ಮನೆಗೆ ಬರ್ಬೇಕು. ಅದು ಬರ್ಲಿಲ್ಲ. ಅಕ್ಕ ಅನ್ನುವ ಹೆಸರನ್ನಾದರೂ ನನಗೆ ಬಿಟ್ಟಿದ್ದಿ ಅಂದ್ಕೊಂಡಿದ್ದೆ. ಅದನ್ನೂ ಮಂಟಪದಲ್ಲಿ ತೆಗೆದು ಬೇರೆಯವಳಿಗೆ ಕೊಟ್ಟಿಯಲ್ಲ!"

"ಬಾಯಿ ತಪ್ಪಿ ಬಂದದ್ದು ಅಕ್ಕ."

"ಹುಟ್ಟಿದಂದಿನಿಂದ ನಿನ್ನ ಬಾಯಿ ನಂಗೆ ಗೊತ್ತುಂಟು. ಅದು ಲಾಭಕ್ಕಲ್ಲದೆ ತಪ್ಪುವ ಬಾಯಿ ಅಲ್ಲ." ಅವಳು ಪ್ರೇಮಾವತಿಯ ಕಡೆ ತಿರುಗಿದಳು. "ನೀನೂ ಕಮ್ಮಿ ಇಲ್ಲ. ನನ್ನ ತಮ್ಮನ ತಲೆಯ ಮೇಲೆ ಸೆಗಣಿ ಹೊರಿಸ್ತೀಯಾ?"

"ಅಕ್ಕ ಹೇಳಿದ ಕೆಲಸ ತಮ್ಮ ಮಾಡ್ಬೇಡ್ವಾ ಅತ್ತಿಗೆ? ನೀವೇ ಹೇಳಿ, ನಿಮ್ಮ ಮನೆಯಲ್ಲಿ ಮಾಡ್ತಿದ್ದನಾ?"

"ಒಂದು ಕಡ್ಡಿ ಎತ್ತಿ ಇಟ್ಟವ ಅಲ್ಲ!"

"ಇಲ್ಲಿ ಕಲ್ತಿದ್ದಾನೆ. ಸೂಜಿ ಮುಗಿದ ಮೇಲೆ ನಿಮ್ಮಲ್ಲಿಗೆ ಕಳಿಸ್ತೇನೆ, ಹಂಚು ಹೊದಿಸಿಕೊಳ್ಳಿ."

ಜಲಜಕ್ಕ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. "ಚಂದ ಕಾಣ್ತಿ ಹೆಣ್ಣೇ," ಎಂದಳು ಸಿಟ್ಟಿನಲ್ಲೇ. ಆಮೇಲೆ ನೀರು ಕೇಳಿದಳು.

ರಜೆ ಮುಗಿಯಲು ಹೆಚ್ಚು ದಿನ ಇರಲಿಲ್ಲ. ಸುಧಾಕರ ಹಂಪನಕಟ್ಟೆಯಿಂದ ನೀಲಿ ಸ್ಯಾಟಿನ್ ಸೀರೆಯೊಂದನ್ನು ತಂದು ಜಗಲಿಯಲ್ಲಿ ಬಿಚ್ಚಿದ.

"ಆದಿತ್ಯವಾರ ಕಾಮತರು ಊಟಕ್ಕೆ ಬರ್ತಾರೆ. ಪಾಲಿನ ಮಾತು ಅವತ್ತೇ ಮುಗಿಸುವ ಅಂತ ಹೇಳಿದ್ದಾರೆ. ನೀನು ಇದನ್ನು ಉಡು. ನಾನು ಅವರ ಎದುರು ನಿಂತು, ಇವಳು ನನ್ನ ಹೆಂಡತಿ ಅಂತ ಹೇಳ್ತೇನೆ. ಸರಿಯಾ?"

"ಆ ದಿನ ಸುಳ್ಳು ಹೇಳಿದೆ ಅಂತ?"

"ಅದು ಯಾಕೆ ಈಗ? ನೀನು ಬೆಳ್ತಂಗಡಿಯಿಂದ ಬಂದವಳು. ಮೂಡುಬಿದಿರೆಯಲ್ಲಿ ಅವರು ಕಂಡದ್ದು ಅಕ್ಕನನ್ನು, ಅಕ್ಕ ನಾರಾವಿಗೆ ಹೋಗಿದ್ದಾಳೆ. ಆ ಹೆಂಗಸು ಬೇರೆ, ನೀನು ಬೇರೆ. ಕೇಳಿದ್ರೆ ಮದುವೆಗೆ ನಾನು ಬರ್ಲಿಲ್ಲ ಅಂತ ನೀನೂ ಹೇಳು."

"ಅವರಿಗೆ ಗುರುತು ಸಿಗ್ಲಿಕ್ಕಿಲ್ವಾ?" ಎಂದಳು ಪ್ರೇಮಾವತಿ ಮೆಲ್ಲಗೆ.

"ಮತ್ತೆ ಇಷ್ಟು ವಾರ ಸೂಜಿ ಚುಚ್ಚಿಸಿದ್ದು ಎಂತಕ್ಕೆ?" ಸುಧಾಕರ ನಿಜವಾಗಿಯೂ ಆಶ್ಚರ್ಯಪಟ್ಟ. "ಕನ್ನಡಿ ನೋಡು. ಆ ಮುದುಕಿ ಎಲ್ಲಿದ್ದಾಳೆ ಈಗ?"

"ಅಂದ್ರೆ ಅಮ್ಮ ಮದುವೆಗೆ ಬರ್ಲೇ ಇಲ್ಲ ಅಂತ ನಾನೂ ಹೇಳ್ಬೇಕಾ?" ಕಾಂತಿಯ ಧ್ವನಿ ಏರಿತು.

"ಹೇಳ್ಬೇಕು," ಎಂದ ಅಣ್ಣು ಶೆಟ್ಟಿ. "ಪಾಲು ಸಿಕ್ಕಿದ್ರೆ ನಿನ್ನ ಮದುವೆಗೇ ಆಗುವುದು. ಮನೆಯ ಮರ್ಯಾದೆಯ ವಿಷಯ ಇದು. ನಿನ್ನ ಅಮ್ಮನಿಗೆ ಅಷ್ಟು ಬುದ್ಧಿ ಉಂಟು."

"ಕಾಂತಿ, ನೀನು ಸುಮ್ಮನಿರು," ಎಂದಳು ಪ್ರೇಮಾವತಿ ಸೀರೆಯನ್ನು ಮಡಚುತ್ತ. "ಆದಿತ್ಯವಾರಕ್ಕೆ ಎಷ್ಟು ಕೋಳಿ ಬೇಕು? ಡೊಂಬಯ್ಯನಿಗೆ ಇವತ್ತೇ ಹೇಳ್ಬೇಕು."

ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಸಿರು ಬಿಟ್ಟರು. ಮಂಟಪದಲ್ಲೂ ಅವಳು ಹೀಗೇ ಸುಮ್ಮನೆ ಕೂತಿದ್ದಳಲ್ಲ.

ಕೊನೆಯ ಸಲ ಮೂಡುಬಿದಿರೆಗೆ ಹೋದಾಗ ಅವಳು ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು. "ಡಾಕ್ಟ್ರೇ, ಸೂಜಿ ಇಡುವ ಮೊದಲು ನನ್ನನ್ನು ನೋಡಿದವರಿಗೆ ಈಗ ಗುರುತು ಸಿಗುತ್ತದಾ?"

"ಸಿಗದೆ? ಬಳಲಿದ್ದವರು ಸುಧಾರಿಸಿದ ಹಾಗೆ ಕಾಣ್ತೀರಿ. ಮನುಷ್ಯರನ್ನೇ ಬದಲಾಯಿಸುವ ವಿದ್ಯೆ ಅಲ್ಲ ಇದು. ಯಾಕೆ, ಸಿಗಬಾರದಿತ್ತಾ?"

"ಸಿಗ್ಬೇಕು," ಎಂದಳು ಪ್ರೇಮಾವತಿ.

ಆದಿತ್ಯವಾರ ಬೆಳಿಗ್ಗೆ ಅವಳು ತಾನೇ ಒಲೆ ಹಚ್ಚಿದಳು. ಚೀಟಿ ಮೊಳೆಯಲ್ಲೇ ಇತ್ತು, ಯಾರೂ ಅದನ್ನು ನೆನಪಿಸಲಿಲ್ಲ. ಕೋರಿರೊಟ್ಟಿ, ನೀರುದೋಸೆ, ಕಡ್ಲೆ ಹಾಕಿದ ಎಳೆಹಲಸಿನ ಗುಜ್ಜೆಯ ಪಲ್ಯ, ಕಾಯಿಹಾಲಿನ ಪಾಯಸ. ಕಾಮತರು ಕೋಳಿ ತಿನ್ನುತ್ತಾರಾ ಎಂದು ಕಿಞ್ಞಕ್ಕ ಕೇಳಿದ್ದಕ್ಕೆ, ತಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಅವರು ಎಲ್ಲ ತಿನ್ನುತ್ತಾರೆ ಎಂದು ಸುಧಾಕರ ಹೇಳಿದ್ದ. ಅವನು ತಲೆಗೆ ಹೊಸದಾಗಿ ಡೈ ಹಾಕಿಕೊಂಡಿದ್ದ. ಕಿವಿಯ ಹಿಂದೆ ಕಪ್ಪು ಮೆತ್ತಿತ್ತು.

ಅಂಬಾಸಿಡರ್ ಕಾರು ಗೇಟಿನ ಹತ್ತಿರ ನಿಂತಿತು. ಕಾಮತರು, ಹಿಂದೆ ಅವರ ಹೆಂಡತಿ. ಸುಧಾಕರ, ಅಣ್ಣು ಶೆಟ್ಟಿ ಇಬ್ಬರೂ ಅಂಗಳಕ್ಕೆ ಇಳಿದು ಕರೆದುಕೊಂಡು ಬಂದರು. ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟಾಯಿತು.

"ಪ್ರೇಮಾ, ಬಾ," ಎಂದು ಸುಧಾಕರ ಒಳಕ್ಕೆ ಕೂಗಿದ.

ಕಾಂತಿಯನ್ನು ಜೊತೆಗೆ ಕರೆದುಕೊಂಡು ಪ್ರೇಮಾವತಿ ಬಂದಳು. ನೀಲಿ ಸ್ಯಾಟಿನ್ ಉಟ್ಟಿರಲಿಲ್ಲ. ಮೂಡುಬಿದಿರೆಯ ಮದುವೆಗೆ ಉಟ್ಟಿದ್ದ ಹಸಿರು ಅಂಚಿನ ಸೀರೆಯನ್ನೇ, ಅದೇ ರೀತಿ ಸೆರಗು ಹೊದ್ದು ಉಟ್ಟಿದ್ದಳು. ಸುಧಾಕರ ಅದನ್ನು ಕಂಡ. ಆದರೆ ವಾಕ್ಯ ಆಗಲೇ ಬಾಯಿಂದ ಹೊರಟಿತ್ತು.

"ಇವಳು ನನ್ನ ಹೆಂಡತಿ—"

"ಅಯ್ಯೋ, ಅಕ್ಕ!" ಕಾಮತರ ಹೆಂಡತಿ ಎದ್ದೇಬಿಟ್ಟರು. "ಹೇಗಿದ್ದೀರಿ? ಆ ದಿನ ಎಷ್ಟು ಬಳಲಿದ್ರಿ ಪಾಪ, ಈಗ ಎಷ್ಟು ಲಕ್ಷಣವಾಗಿ ಕಾಣ್ತೀರಿ! ಬನ್ನಿ, ಇಲ್ಲಿ ಕೂತ್ಕೊಳ್ಳಿ." ಆಮೇಲೆ ಸುಧಾಕರನ ಕಡೆ ನೋಡಿದರು. "ನೀವು ಎಂತ ಹೇಳಿದ್ರಿ ಈಗ?"

"ಇವಳು ಹೆಂಡತಿ. ಅಕ್ಕ ನಾರಾವಿಗೆ ಹೋಗಿದ್ದಾಳೆ," ಎಂದ ಸುಧಾಕರ. "ನೋಡ್ಲಿಕ್ಕೆ ಇಬ್ಬರೂ ಸ್ವಲ್ಪ ಒಂದೇ ನಮೂನೆ. ಎಲ್ಲರೂ ಹಾಗೇ ಹೇಳ್ತಾರೆ. ಅಲ್ವಾ ಭಾವ?"

"ಹೌದು ಹೌದು," ಎಂದ ಅಣ್ಣು ಶೆಟ್ಟಿ. "ತುಂಬ ಸಾಮ್ಯ ಉಂಟು."

"ಸೀರೆಯೂ ಒಂದೇ ನಮೂನೆಯಾ?" ಎಂದರು ಕಾಮತರ ಹೆಂಡತಿ.

ಪ್ರೇಮಾವತಿ ಅವರ ಎದುರಿಗೆ ಬಂದು ನಿಂತಳು. ಮನೆಯ ತುಳು ಬಿಟ್ಟು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಇಟ್ಟು ಹೇಳಿದಳು.

"ಮಲ್ಲಿಗೆ ಕೊಟ್ಟವಳು ನಾನೇ. ನೀವು ಕುರ್ಚಿ ಬಿಟ್ಟುಕೊಟ್ಟದ್ದೂ ನನಗೇ. ನಾನು ಇವರ ಅಕ್ಕ ಅಲ್ಲ. ಹದಿನೆಂಟು ವರ್ಷದಿಂದ ಹೆಂಡತಿ. ಇವಳು ನಮ್ಮ ಮಗಳು. ಬೆಳ್ತಂಗಡಿಯಲ್ಲಿ ನಮಗೆ ಯಾರೂ ಇಲ್ಲ. ನನ್ನ ತಾಯಿ ಅಲ್ಲಿ ಕೂತಿದ್ದಾರೆ ನೋಡಿ. ಹುಷಾರಾಗಿದ್ದಾರೆ."

"ಹುಷಾರೇ ಉಂಟು," ಎಂದರು ಕಿಞ್ಞಕ್ಕ ಬಾಗಿಲ ಬಳಿಯಿಂದ.

"ನಿಮ್ಮ ಎದುರು ನನ್ನ ಮುಖ ತೋರಿಸ್ಲಿಕ್ಕೆ ಇವರಿಗೆ ನಾಚಿಕೆ ಆಯ್ತು. ಅದಕ್ಕೆ ಅಕ್ಕ ಮಾಡಿದ್ರು. ಆಮೇಲೆ ಮುಖಕ್ಕೆ ಸೂಜಿ ಹಾಕಿಸಿದ್ರು, ನಿಮಗೆ ಗುರುತು ಸಿಗಬಾರದು ಅಂತ."

ಕಾಮತರು ಬೆಲ್ಲದ ತುಂಡನ್ನು ತಟ್ಟೆಯಲ್ಲಿ ಇಟ್ಟರು. ಅವರ ಹೆಂಡತಿ ಕುರ್ಚಿಯ ಹಿಂದೆ ಕೈಯಿಟ್ಟು ನಿಂತೇ ಇದ್ದರು, ಕಿವಿಯವರೆಗೆ ಕೆಂಪಾಗಿದ್ದರು.

"ಶೆಟ್ರೆ," ಎಂದರು ಕಾಮತರು ಕೊನೆಗೆ. "ನನ್ನ ಗಲ್ಲಾದ ಬೀಗದಕೈ ಕೊಡಬೇಕು ಅಂತ ಇದ್ದೆ ನಾನು ನಿಮ್ಮತ್ರ. ಎಂತ ಇದು? ಏನಾದ್ರೂ ತಮಾಷೆಯಾ?"

ಸುಧಾಕರ ಆ ಮಾತನ್ನು ಹಗ್ಗದ ಹಾಗೆ ಹಿಡಿದ. "ತಮಾಷೆ! ಮತ್ತೆಂತ! ನಾವಿಬ್ರೂ ಸೇರಿ ಮಾಡಿದ ತಮಾಷೆ." ಅವನು ನಕ್ಕ. ಅಣ್ಣು ಶೆಟ್ಟಿಯೂ ತೊಡೆ ತಟ್ಟಿ ನಕ್ಕ. "ಇವಳು ಮೊದಲಿನಿಂದಲೂ ಹೀಗೇ, ಮಹಾ ತಮಾಷೆಯವಳು. ಬೇಕಾದ್ರೆ ಅವಳನ್ನೇ ಕೇಳಿ. ಪ್ರೇಮಾ, ಹೇಳು."

ಕಾಮತರು ಪ್ರೇಮಾವತಿಯ ಮುಖ ನೋಡಿದರು. ಎಲ್ಲರೂ ಅದನ್ನೇ ನೋಡಿದರು.

ಸುಧಾಕರ ಹತ್ತಿರ ಬಂದು ದನಿ ತಗ್ಗಿಸಿ ತುಳುವಿನಲ್ಲಿ ಗೋಗರೆದ. "ಮಾತಾಡ್ಬೇಡ, ಪರವಾಗಿಲ್ಲ. ನಗು. ಒಂದು ಸಲ ನಗು, ಅವರು ನಂಬ್ತಾರೆ. ಇಷ್ಟು ವರ್ಷ ದುಡಿದದ್ದು ಹೋಗ್ತದೆ ಮಾರಾಯ್ತಿ. ನಾಳೆಯಿಂದ ನೀನು ಹೇಳಿದ ಹಾಗೆ ಕೇಳ್ತೇನೆ."

"ನಗು ಮಗಾ," ಎಂದರು ಕಿಞ್ಞಕ್ಕ ಕೂಡ, ಹೆದರಿಕೊಂಡು. "ಮನೆಗೆ ಬಂದವರು."

"ನಗು ಅಂತ ಹೇಳ್ಲಿಲ್ವಾ ನಿನಗೆ?" ಅಣ್ಣು ಶೆಟ್ಟಿ ಎದ್ದು ನಿಂತ. ಯಜಮಾನನ ಗಂಟಲು. ಕಾಂತಿ ತಾಯಿಯ ಪಕ್ಕಕ್ಕೆ ಬಂದಳು.

ಪ್ರೇಮಾವತಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳು ಕಾಮತರ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು, ಮನೆಯವರೆಲ್ಲರಿಗೂ ಕೇಳುವ ಹಾಗೆ, "ನಗುವುದಿಲ್ಲ," ಎಂದಳು.